ಐದು ಕಿಲೋ ಕಲ್ಲು, ಅದೇ ದಿನದ ಚೀಟಿ

ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ತೂಕದಕ್ಕ ಆಸ್ಪತ್ರೆಯ ಬೀಗ ತೆಗೆಯುತ್ತಾರೆ. ಆಸ್ಪತ್ರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಉದ್ದ ಬೆಂಚು, ನೀಲಿ ಪರದೆ, ಮೂಲೆಯಲ್ಲಿ ಕುಡಿಯುವ ನೀರಿನ ಫಿಲ್ಟರು, ಅಷ್ಟೇ. ಕಿಟಕಿ ತೆರೆಯುವ ಮೊದಲು, ಪೊರಕೆ ಹಿಡಿಯುವ ಮೊದಲು, ಅವರು ಬಾಗಿಲ ಹಿಂದಿನ ತೂಕದ ಮಷಿನನ್ನು ನೆಲ ಸಮ ಇರುವ ಕಡೆಗೆ ಎಳೆದು ಅದರ ಮೇಲೆ ಐದು ಕಿಲೋ ಕಲ್ಲನ್ನು ಇಡುತ್ತಾರೆ. ಕಬ್ಬಿಣದ್ದೇ ಆದರೂ ಎಲ್ಲರ ಬಾಯಲ್ಲೂ ಅದು ಕಲ್ಲೇ. ಬಾಗಿಲು ಮುಚ್ಚಿದ ಒಂದು ದಿನಸಿ ಅಂಗಡಿಯಿಂದ ತಂದದ್ದು. ಮುಳ್ಳು ಐದರ ಗೆರೆಯ ಮೇಲೆ ನಿಂತ ಮೇಲೆ ಕಲ್ಲನ್ನು ಇಳಿಸಿ ತಾವು ಹತ್ತುತ್ತಾರೆ. ನೋಡಿಕೊಂಡು ಇಳಿದು, ಕಲ್ಲನ್ನು ಎದೆಗವಚಿಕೊಂಡು ಮತ್ತೆ ಹತ್ತುತ್ತಾರೆ. ಕತ್ತು ಚಾಚಿ ಮುಳ್ಳು ನೋಡುತ್ತಾರೆ. ಮೊದಲಿಗಿಂತ ಐದು ಹೆಚ್ಚಿರಬೇಕು, ಕೂದಲೆಳೆಯಷ್ಟೂ ಆಚೀಚೆ ಇರಕೂಡದು. ಸರಿ ಕಂಡರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಒಂದು ಚುಕ್ಕೆ. ಆಮೇಲೆ ಒಂದು ಗಳಿಗೆ ಕಣ್ಣುಮುಚ್ಚಿ ಕೈಮುಗಿಯುತ್ತಾರೆ. ಆಮೇಲೆಯೇ ಕಿಟಕಿ, ಪೊರಕೆ, ರೋಗಿಗಳು.

ಹನ್ನೆರಡು ವರ್ಷಗಳಲ್ಲಿ ಚುಕ್ಕೆಯಿಲ್ಲದ ಕೆಲಸದ ದಿನ ಒಂದೂ ಇಲ್ಲ. ಬಲಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗದ ತಿಂಗಳುಗಳಲ್ಲೂ ಇಲ್ಲ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಚುವಾಗ ಅವರು ಹೇಳಿದ್ದನ್ನು, ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಂಡದ್ದನ್ನು ಸೇರಿಸಿ ಇದನ್ನು ಬರೆದಿದ್ದೇನೆ. ಬರೆಯುತ್ತೇನೆ ಎಂದಾಗ ಅಕ್ಕ ನಕ್ಕುಬಿಟ್ಟರು. "ನನ್ನ ಬಗ್ಗೆ ಏನೇ ಬರೆಯೋದಿದೆ? ಬರೀತೀಯ ಅಂದ್ರೆ ಮೊದಲು ನನ್ನ ತಪ್ಪು ಬರಿ. ಅದನ್ನ ಬಿಟ್ಟು ಬರೆದ್ರೆ ನಾನು ಓದಲ್ಲ."

ಹಾಗಾಗಿ ಮೊದಲು ತಪ್ಪು.

ಆಗ ಅವರಿಗೆ ತೂಕದಕ್ಕ ಎಂಬ ಹೆಸರಿರಲಿಲ್ಲ, ಬರೀ ಸಿಸ್ಟರ್. ಎರಡು ವರ್ಷದ ನರ್ಸಿಂಗ್ ಓದಿ ಬಂದವರು. ದೊಡ್ಡ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿ ಆಗಲೇ ಹತ್ತು ವರ್ಷ ದಾಟಿತ್ತು. ಸಕ್ಕರೆ ಕಾಯಿಲೆಯವರು ತಿಂಗಳಿಗೊಮ್ಮೆ ಬರುವ ದಿನ ಬೆಂಚು ತುಂಬಿ, ಮೆಟ್ಟಿಲು ತುಂಬಿ, ಸಾಲು ರಸ್ತೆಗೆ ಇಳಿಯುತ್ತಿತ್ತು. ಪ್ರತಿಯೊಬ್ಬರ ಕಾರ್ಡಿನಲ್ಲಿ ರಕ್ತದೊತ್ತಡ, ಸಕ್ಕರೆ, ತೂಕ ಬರೆಯಬೇಕು. ತೂಕದ ಮಷಿನ್ ಇದ್ದದ್ದು ಬಾಗಿಲ ಹಿಂದೆ. ಅದನ್ನು ಎಳೆಯಬೇಕೆಂದರೆ ಬಾಗಿಲು ಮುಚ್ಚಬೇಕು, ಬಾಗಿಲು ಮುಚ್ಚಿದರೆ ಹೊರಗಿನವರು ಗಲಾಟೆ ಮಾಡುತ್ತಾರೆ. ದೊಡ್ಡವರ ತೂಕ ಒಂದು ತಿಂಗಳಲ್ಲಿ ಎಷ್ಟು ತಾನೇ ಬದಲಾಗುತ್ತದೆ ಎಂದುಕೊಂಡು ಸಿಸ್ಟರ್ ಹಿಂದಿನ ತಿಂಗಳ ಅಂಕಿಯನ್ನೇ ಕೆಳಗಿನ ಸಾಲಿಗೆ ಇಳಿಸಿಬಿಡುತ್ತಿದ್ದರು. ಮೊದಲು ಒಬ್ಬಿಬ್ಬರಿಗೆ, ಕ್ರಮೇಣ ಎಲ್ಲರಿಗೂ. ಯಾರೂ ಕೇಳಲಿಲ್ಲ.

ಆ ಸಾಲಿನಲ್ಲಿ ಬೆಲ್ಟಿನಂಗಡಿಯವನೂ ಇದ್ದ. ಬಸ್ ನಿಲ್ದಾಣದ ಎದುರು ಚರ್ಮದ ಚೀಲ, ಬೆಲ್ಟು ಹೊಲಿದು ಮಾರುವವನು. ಮೂವತ್ತಾರು ವರ್ಷ, ಮೊದಲೇ ಸಣಕಲ. ದೊಡ್ಡವನಲ್ಲವೇ, ಮಾತ್ರೆಯಲ್ಲಿ ಹಿಡಿತಕ್ಕೆ ಬರುವ ಎಲ್ಲರ ಸಕ್ಕರೆ ಕಾಯಿಲೆಯೇ ಇವನಿಗೂ ಎಂದು ದೊಡ್ಡ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಸಕ್ಕರೆ ಇಳಿಯಲಿಲ್ಲ. ಮಾತ್ರೆ ಹೆಚ್ಚಿಸಿದರು. ಆಗಲೂ ಇಳಿಯಲಿಲ್ಲ. "ಬಾಯಿ ಕಟ್ಟಯ್ಯಾ ಸ್ವಲ್ಪ" ಎಂದು ಬೈದರು. ಅವನ ಕಾರ್ಡಿನಲ್ಲಿ ಐದು ತಿಂಗಳೂ ಒಂದೇ ತೂಕ, ಅರವತ್ತನಾಲ್ಕು.

ಆರನೆಯ ತಿಂಗಳು ಅವನು ಬರಲಿಲ್ಲ. ವಾಂತಿ ಶುರುವಾಗಿ, ಉಸಿರು ಮೇಲೆ ಕೆಳಗಾಗಿ, ಅಂಗಡಿಯಲ್ಲೇ ಕುಸಿದು ಬಿದ್ದವನನ್ನು ಅಕ್ಕಪಕ್ಕದವರು ನೇರವಾಗಿ ದೊಡ್ಡಾಸ್ಪತ್ರೆಗೆ ಹೊತ್ತೊಯ್ದಿದ್ದರು. ಬದುಕಿದ. ಹನ್ನೊಂದು ದಿನವಾದ ಮೇಲೆ ದೊಡ್ಡಾಸ್ಪತ್ರೆಯ ಸಕ್ಕರೆ ಕಾಯಿಲೆ ವಿಭಾಗದಿಂದ ಒಂದು ಕಾಗದ ಬಂತು. ಬರೆದವರು ಅಲ್ಲಿನ ಡಾಕ್ಟರಮ್ಮ. ಇವನದು ಒಂದನೇ ಬಗೆಯ ಸಕ್ಕರೆ ಕಾಯಿಲೆ, ಅದು ಮಕ್ಕಳಿಗೇ ಬರಬೇಕೆಂದೇನಿಲ್ಲ, ದೇಹದಲ್ಲಿ ಇನ್ಸುಲಿನ್ನೇ ಇಲ್ಲದಂತಾಗುವುದರಿಂದ ಮಾತ್ರೆ ನಾಟುವುದಿಲ್ಲ, ಸೂಜಿಯೇ ಬೇಕು ಎಂದು ವಿವರಿಸಿ, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: "ನಿಮ್ಮ ಕಾರ್ಡಿನಲ್ಲಿ ಐದು ತಿಂಗಳೂ ಅರವತ್ತನಾಲ್ಕು ಇದೆ. ಇಲ್ಲಿಗೆ ಬಂದಾಗ ಇವರ ತೂಕ ಐವತ್ತೊಂದು. ನಿಮ್ಮ ತೂಕದ ಮಷಿನ್ ಕೆಟ್ಟಿದೆಯೇ?"

ದೊಡ್ಡ ಡಾಕ್ಟರು ಕಾಗದವನ್ನು ಎರಡು ಸಲ ಓದಿ ಸಿಸ್ಟರ್ ಕೈಗೆ ಕೊಟ್ಟರು.

"ಕೆಟ್ಟಿರೋದು ಮಷಿನ್ ಅಲ್ಲ ಡಾಕ್ಟ್ರೇ" ಎಂದರಂತೆ ಸಿಸ್ಟರ್.

ಅದೇ ಸಂಜೆ ಬೆಲ್ಟಿನಂಗಡಿಯವನ ಮನೆಗೆ ಹೋಗಿ, ಮಂಚದ ಪಕ್ಕ ನಿಂತು, ಆದದ್ದನ್ನು ಇದ್ದ ಹಾಗೆ ಹೇಳಿದರು. ಅವನ ಹೆಂಡತಿ ಮುಖ ತಿರುಗಿಸಿಕೊಂಡಳು. ಅವನು ಮಾತ್ರ ಗೋಡೆಯ ಮೊಳೆಗೆ ನೇತುಹಾಕಿದ್ದ ತನ್ನ ಬೆಲ್ಟನ್ನು ತೋರಿಸಿದ. "ಅದ್ರಲ್ಲಿ ಎಷ್ಟು ತೂತಿದೆ ಎಣಿಸಿ ಸಿಸ್ಟರ್. ಮೂರು ಹೊಸವು. ನನ್ನ ಕೈಯಾರೆ ನಾನೇ ಹೊಡೆದಿದ್ದು. ಊರವರ ಸೊಂಟದ ಅಳತೆ ಎಲ್ಲಾ ಗೊತ್ತು ನಂಗೆ, ನಂದು ಮಾತ್ರ ಗೊತ್ತಾಗ್ಲಿಲ್ಲ. ನಿಮ್ಮೊಬ್ರನ್ನೇ ಏನಂತ ಬಯ್ಯಲಿ?"

ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾರೆ ಅಕ್ಕ. ಇವತ್ತಿಗೂ ಗಂಡಸರು ಬಂದರೆ ಅವರ ಕಣ್ಣು ಮೊದಲು ಹೋಗುವುದು ಬೆಲ್ಟಿನ ತೂತುಗಳಿಗೆ.

ಮುಂದಿನ ರಜೆಯ ದಿನ ಅವರು ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಹೋದರು. ಎಲ್ಲರ ಹಾಗೆ ಟೋಕನ್ ತೆಗೆದುಕೊಂಡು ನಾಲ್ಕು ಗಂಟೆ ಕೂತರು. ಸರದಿ ಬಂದಾಗ ಡಾಕ್ಟರಮ್ಮ ತಲೆಯೆತ್ತದೆ ಕೇಳಿದರು, "ಏನಾಗಿದೆ ನಿಮಗೆ?"

"ನಂಗೇನೂ ಆಗಿಲ್ಲ. ಅರವತ್ತನಾಲ್ಕು ಅಂತ ಬರೆದಿದ್ದು ನಾನೇ. ಯಾರನ್ನ ಯಾವಾಗ ನಿಮ್ಮ ಹತ್ರ ಕಳಿಸ್ಬೇಕು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಈ ಪ್ರಶ್ನೆ ಕೇಳೋಕೆ ಟೋಕನ್ ತಗೊಂಡು ಕೂತಿದ್ದು ನೀವೇ ಮೊದಲು ಕಣಮ್ಮ. ಹೊರಗೆ ಇನ್ನೂ ಹದಿನೆಂಟು ಜನ ಇದ್ದಾರೆ. ಅವರೆಲ್ಲ ಮುಗೀಲಿ, ಕೂತಿರಿ."

ಮತ್ತೆ ಎರಡು ಗಂಟೆ ಕೂತರು. ಅವತ್ತು ಕೇಳಿಕೊಂಡದ್ದನ್ನು ಬರೆದಿಟ್ಟ ಪುಸ್ತಕ ಇವತ್ತಿಗೂ ಇದೆ. ಅಕ್ಕನ ಗಂಡ ಪುಸ್ತಕ ಕಟ್ಟುವ ಕೆಲಸದವರು. ಹೆಂಡತಿ ಬಿಡಿ ಹಾಳೆಗಳಲ್ಲಿ ಬರೆದು ತಂದದ್ದನ್ನು ನೋಡಿ, ಬೆನ್ನಿಗೆ ಗಟ್ಟಿ ಬಟ್ಟೆ ಅಂಟಿಸಿ, ಹೊಲಿದು ಕೊಟ್ಟಿದ್ದಾರೆ. "ನೂರು ವರ್ಷ ಬಿಚ್ಚಲ್ಲ. ಒಳಗಿರೋದು ಸರಿಯಿದ್ಯೋ ಇಲ್ವೋ ಅದು ನಿಮ್ಮ ಡಾಕ್ಟರಮ್ಮನಿಗೆ ಬಿಟ್ಟಿದ್ದು" ಎಂದು ತಮಾಷೆಯನ್ನೂ ಸೇರಿಸಿದ್ದಾರೆ.

ಮೊದಲ ಪುಟದಲ್ಲಿ ಇರುವುದು ಒಂದೇ ಮಾತು. ಒಂದನೇ ಬಗೆ ಎಂದು ಅನುಮಾನ ಬಂದರೆ, ಮಗುವಾಗಲಿ ದೊಡ್ಡವರಾಗಲಿ, ಅದೇ ದಿನ ಕಳಿಸುವುದು. ನಾಳೆ ಎನ್ನಬಾರದು, ಖಾಲಿ ಹೊಟ್ಟೆಯ ಪರೀಕ್ಷೆಗೆ ಕಾಯಬಾರದು. ಮುಂದಿನ ಪುಟಗಳಲ್ಲಿ ಅನುಮಾನ ಹೇಗೆ ಬರಬೇಕು ಎಂಬುದಿದೆ: ತೀರದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಸುಸ್ತು, ಇಳಿಯುವ ತೂಕ. ದೊಡ್ಡವರಾದರೆ ಸಣಕಲ ಮೈ, ನಾಟದ ಮಾತ್ರೆ. ಮೂತ್ರದಲ್ಲಿ ಕೀಟೋನ್ ಇದ್ದರೆ, ಅಂದರೆ ದೇಹ ತನ್ನ ಕೊಬ್ಬನ್ನೇ ಸುಟ್ಟುಕೊಳ್ಳುತ್ತಾ ರಕ್ತ ಹುಳಿಯಾಗುವ ಸೂಚನೆ ಕಂಡರೆ, ಅಥವಾ ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಇದ್ದರೆ, ಆಗ ಗಂಟೆಗಳ ಲೆಕ್ಕ. ಮೊದಲೇ ಸೂಜಿ ಚುಚ್ಚಿಕೊಳ್ಳುತ್ತಿರುವವರನ್ನೂ ಮರೆಯಬಾರದೆಂದು ಡಾಕ್ಟರಮ್ಮ ಒತ್ತಿ ಹೇಳಿದ್ದರಂತೆ. ಸಕ್ಕರೆ ಇಳಿದಾಗ ನಡುಕ, ಬೆವರು ಬರದೆ ನೇರವಾಗಿ ಮಂಕಾಗಿ ಬೀಳುವವರನ್ನು, ಬಸುರಾದವರನ್ನು, ಬಸುರಾಗಬೇಕು ಎಂದಿರುವವರನ್ನು, ಪಾದದಲ್ಲಿ ಹುಣ್ಣು ಎದ್ದವರನ್ನು ತಡಮಾಡದೆ ಕಳಿಸಬೇಕು. ಕಣ್ಣು, ಮೂತ್ರಪಿಂಡ ವರ್ಷಕ್ಕೊಮ್ಮೆ ನೋಡಿಸಲೇಬೇಕು.

ಅಂದಿನಿಂದ ತೂಕದ ಮಷಿನ್ ಬಾಗಿಲ ಹಿಂದೆ ಉಳಿದದ್ದು ರಾತ್ರಿ ಮಾತ್ರ. ಬೆಳಿಗ್ಗೆ ಹೊರಗೆ ಬಂದರೆ ಬಂದವರೆಲ್ಲ ಹತ್ತಲೇಬೇಕು. ಚಪ್ಪಲಿ ಬಿಚ್ಚಿ, ಕೀಲಿಕೈ ಗೊಂಚಲು ಬೆಂಚಿನ ಮೇಲಿಟ್ಟು ಹತ್ತಬೇಕು. ನೆಗಡಿಗೆ ಬಂದವರನ್ನೂ ಬಿಡಲಿಲ್ಲ. ಜನ ಗೊಣಗಿದರು, ನಕ್ಕರು, ತೂಕದಕ್ಕ ಎಂದು ಹೆಸರಿಟ್ಟರು. ಡಾಕ್ಟರಮ್ಮನ ಕಾಗದವನ್ನು ಅಕ್ಕ ಔಷಧಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದರು. ಬೀರು ತೆರೆದಾಗಲೆಲ್ಲ ಕಾಣಬೇಕು ಎಂದು.

ಈ ಹನ್ನೆರಡು ವರ್ಷಗಳಲ್ಲಿ ಹಾಗೆ ಕಳಿಸಿದವರು ಎಷ್ಟು ಜನ ಎಂದು ಕೇಳಿದರೆ ಅವರು ಹೇಳುವುದಿಲ್ಲ. ಆದರೆ ಹೋದ ವರ್ಷದ ಒಂದು ಶನಿವಾರದ ಸಂಗತಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನನ್ನ ಕೆಮ್ಮಿಗೆಂದು ಹೋಗಿ ಬೆಂಚಿನ ಮೇಲೆ ಕೂತಿದ್ದೆ.

ದೊಡ್ಡ ಡಾಕ್ಟರಿಗೆ ಕಣ್ಣಿನ ಆಪರೇಷನ್ ಆಗಿ ಆರು ವಾರ ರಜೆ. ಅವರ ಜಾಗದಲ್ಲಿ ಕೂತಿದ್ದವರು ಅವರ ತಂಗಿಯ ಮಗ. ಓದು ಮುಗಿಸಿ ಆಗಷ್ಟೇ ಬಂದ ಹುಡುಗ. ಜನ ಚಿಕ್ಕ ಡಾಕ್ಟರು ಎನ್ನುತ್ತಿದ್ದರು. ಒಳ್ಳೆಯವರು, ಅವಸರ ಜಾಸ್ತಿ. ಮಧ್ಯಾಹ್ನ ಹನ್ನೆರಡು ದಾಟಿತ್ತು, ಒಂದಕ್ಕೆ ಆಸ್ಪತ್ರೆ ಮುಚ್ಚಬೇಕು. ಇಸ್ತ್ರಿ ಅಂಗಡಿಯ ಹೆಂಗಸು ಏಳು ವರ್ಷದ ಮಗಳ ಕೈ ಹಿಡಿದು ಬಂದಳು.

"ಮತ್ತೆ ಹಾಸಿಗೇಲಿ ಉಚ್ಚೆ ಮಾಡ್ತಿದಾಳೆ ಅಕ್ಕ. ಮೂರು ವರ್ಷಕ್ಕೇ ಬಿಟ್ಟಿದ್ಲು. ಊರವರ ಬಟ್ಟೆ ಇಸ್ತ್ರಿ ಮಾಡೋದೋ, ಇವಳ ಚಾದರ ಒಗೆಯೋದೋ!"

ಹುಡುಗಿ ಅಷ್ಟರಲ್ಲಿ ಫಿಲ್ಟರಿನ ಮುಂದೆ ನಿಂತು ಎರಡು ಲೋಟ ನೀರು ಮುಗಿಸಿದ್ದಳು. ಅಕ್ಕನನ್ನು ನೋಡಿ, "ಇನ್ನೊಂದು ಕುಡೀಲಾ?" ಎಂದಳು.

"ಕುಡಿಯೇ ಚಿನ್ನ. ಕುಡಿದು ಇಲ್ಲಿ ಬಾ, ಇದರ ಮೇಲೆ ಹತ್ತು. ಎಷ್ಟು ಭಾರ ಇದ್ದೀಯ ನೋಡೋಣ."

ಮುಳ್ಳು ಇಪ್ಪತ್ತೂವರೆಗೆ ನಿಂತಿತು. ತಾಯಿ ತಂದಿದ್ದ ಲಸಿಕೆ ಕಾರ್ಡಿನೊಳಗೆ ಶಾಲೆಯಲ್ಲಿ ಎರಡು ತಿಂಗಳ ಹಿಂದೆ ಬರೆದುಕೊಟ್ಟ ಚೀಟಿಯಿತ್ತು: ಇಪ್ಪತ್ತನಾಲ್ಕು. ಅಕ್ಕ ಆ ಚೀಟಿಯನ್ನು ಕಾರ್ಡಿನ ಮೇಲೆ ಎದ್ದು ಕಾಣುವ ಹಾಗೆ ಪಿನ್ ಮಾಡಿ ಒಳಗೆ ಕಳಿಸಿದರು.

ಪರದೆಯ ಆಚೆಯ ಮಾತು ಬೆಂಚಿಗೆ ಕೇಳುತ್ತದೆ. ಚಿಕ್ಕ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು. ಸ್ವಲ್ಪ ನೋವಿದೆ ಎಂದಳು ಹುಡುಗಿ. "ಮೂತ್ರದ ಸೋಂಕು ಇರ್ಬೇಕು. ಔಷಧಿ ಬರೀತೀನಿ. ಯಾವುದಕ್ಕೂ ಸೋಮವಾರ ಖಾಲಿ ಹೊಟ್ಟೇಲಿ ಸಕ್ಕರೆನೂ ನೋಡ್ಸಿ, ಇವತ್ತು ಲ್ಯಾಬ್ ಮುಚ್ಚಿರುತ್ತೆ."

ಅಕ್ಕ ಪರದೆ ಸರಿಸಿ ಒಳಗೆ ಹೋದರು. "ಡಾಕ್ಟ್ರೇ, ಮೂರೂವರೆ ಕಿಲೋ ಇಳಿದಿದೆ ಮಗು. ಬೆರಳಿಂದ ಒಂದು ಹನಿ ನೋಡ್ಲಾ?"

"ಶಾಲೆ ಮಷಿನ್ನೇ ಬೇರೆ, ನಮ್ಮದೇ ಬೇರೆ ಸಿಸ್ಟರ್. ಇದು ನನಗಿಂತ ಹಳೇದು. ಅದನ್ನ ನಂಬ್ಕೊಂಡು ಹೇಗೆ?"

"ಶಾಲೇದು ಗೊತ್ತಿಲ್ಲ. ನಮ್ಮದು ಸರಿಯಿದೆ. ಬೆಳಿಗ್ಗೆ ಕಲ್ಲಿಟ್ಟು ನೋಡಿದ್ದೀನಿ."

"ಯಾವ ಕಲ್ಲು?"

ಬಂದು ಇಷ್ಟು ದಿನವಾದರೂ ಚಿಕ್ಕ ಡಾಕ್ಟರಿಗೆ ಆ ಕಲ್ಲಿನ ವಿಷಯ ಗೊತ್ತಿರಲಿಲ್ಲ. ಅವರು ಬರುವುದು ಒಂಬತ್ತಕ್ಕೆ. ಅಕ್ಕ ಮಾತು ಬೆಳೆಸದೆ ಮೇಜಿನ ಕೆಳಗಿಂದ ಕಲ್ಲನ್ನು ಎಡಗೈಯಲ್ಲಿ ಎಳೆದು ತಂದು ಮಷಿನ್ ಮೇಲಿಟ್ಟರು. ಐದು. ಆಮೇಲೆ ಹುಡುಗಿಗೆ, "ಇದನ್ನ ನಾನು ಎತ್ಕೊಂಡು ಹತ್ತಿದ್ರೆ ಎಷ್ಟಾಗುತ್ತೆ ಹೇಳು, ಲೆಕ್ಕ ಬರುತ್ತಾ?" ಎಂದು ಕೇಳಿ ತಾವೊಬ್ಬರೇ ಹತ್ತಿ ಮುಳ್ಳು ತೋರಿಸಿದರು. ಹುಡುಗಿ ಐದು ಕೂಡಿಸಿ ಹೇಳಿದಳು. ಕಲ್ಲೆತ್ತಿಕೊಂಡು ಹತ್ತಿದಾಗ ಮುಳ್ಳು ಅಲ್ಲೇ ನಿಂತಿತು. ಚಿಕ್ಕ ಡಾಕ್ಟರು ಸಣ್ಣಗೆ ನಕ್ಕರು. "ಸರಿ, ನೋಡಿ. ಆದ್ರೆ ಕೈ ತೊಳ್ಸಿ. ಮಿಠಾಯಿ ಮುಟ್ಟಿದ ಬೆರಳಾದ್ರೂ ತಪ್ಪು ತೋರ್ಸುತ್ತೆ."

ಕೈ ತೊಳೆಸಿ, ಒರೆಸಿ, ಬೆರಳ ಬದಿಗೆ ಚುಚ್ಚಿದರು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ. ಅಳೆಯಲಾರದಷ್ಟು ಹೆಚ್ಚು ಎಂದು 'ಹೈ' ಎಂಬ ಅಕ್ಷರ ಮೂಡಿತು. ಇನ್ನೊಂದು ಬೆರಳು ನೋಡಿದರು. ಅದೇ. ಮೂತ್ರದಲ್ಲಿ ಅದ್ದಿದ ಕೀಟೋನ್ ಪಟ್ಟಿ ಎಣಿಸುವಷ್ಟರಲ್ಲಿ ಕಡು ನೇರಳೆಯಾಯಿತು.

ಚಿಕ್ಕ ಡಾಕ್ಟರ ಮುಖದ ಬಣ್ಣ ಇಳಿಯಿತು. ಆದರೂ ಗಡಿಯಾರ ನೋಡಿದರು. "ಶನಿವಾರ ಮಧ್ಯಾಹ್ನ ಸಿಸ್ಟರ್, ಅಲ್ಲಿ ಸ್ಪೆಷಲಿಸ್ಟ್ ಇರ್ತಾರಾ? ಮಗು ಮಾತಾಡ್ತಾ ಇದೆ, ವಾಂತಿ ಇಲ್ಲ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಕಳಿಸಿದ್ರೆ..."

ಕಳಿಸುವ ಚೀಟಿಗೆ ಡಾಕ್ಟರ ಸಹಿಯೇ ಬೇಕು. ಅಕ್ಕ ಎಷ್ಟೇ ಬರೆದರೂ ಸಹಿಯಿಲ್ಲದೆ ಅದು ಬರೀ ಕಾಗದ. ಅವರು ದನಿ ಏರಿಸಲಿಲ್ಲ. ಔಷಧಿ ಬೀರುವಿನ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತರು. "ಇದನ್ನೊಂದು ಓದಿ ಡಾಕ್ಟ್ರೇ. ಅದ್ರಲ್ಲಿ ಹೇಳಿರೋ ಅರವತ್ತನಾಲ್ಕನ್ನ ಕಾರ್ಡಿಗೆ ಬರೆದಿದ್ದು ನನ್ನ ಕೈ. ಆ ಮನುಷ್ಯನೂ ಮಾತಾಡ್ತಾನೇ ಇದ್ದ."

ಹಳದಿಯಾದ ಆ ಕಾಗದವನ್ನು ಚಿಕ್ಕ ಡಾಕ್ಟರು ನಿಂತೇ ಓದಿದರು. ಬೆಂಚಿನ ಮೇಲಿದ್ದ ನಾವೆಲ್ಲ ಕೆಮ್ಮುವುದನ್ನೂ ಮರೆತಿದ್ದೆವು. ಓದಿ ಮುಗಿಸಿ ಅವರು ಕುರ್ಚಿಗೆ ಬಂದು ಚೀಟಿ ಎಳೆದುಕೊಂಡರು. ಮೇಲ್ಗಡೆ 'ಇವತ್ತೇ' ಎಂದು ತಾವೇ ಕೆಂಪು ಪೆನ್ಸಿಲಿನಲ್ಲಿ ಬರೆದು, ಸಹಿ ಹಾಕಿ, ದೊಡ್ಡಾಸ್ಪತ್ರೆಗೆ ಫೋನು ಹಚ್ಚಿದರು. "ಡ್ಯೂಟಿಯಲ್ಲಿರೋರು ಸಕ್ಕರೆ ವಿಭಾಗಕ್ಕೆ ಹೇಳ್ತಾರಂತೆ. ಕಾಯ್ತಿರ್ತಾರೆ, ಹೊರಡಿ."

ಬಾಡಿಗೆ ಗಾಡಿಯಲ್ಲಿ ಅಕ್ಕ ತಾಯಿ ಮಗಳ ಜೊತೆಗೇ ಹೋದರು. ನಲವತ್ತು ನಿಮಿಷದ ದಾರಿ. ತಾಯಿ ಗಾಡಿಯಲ್ಲಿ ಕೂತವಳೇ ಅಳಲು ಶುರುಮಾಡಿದಳಂತೆ. "ನಾನೇ ಚಾಕಲೇಟು ಕೊಟ್ಟು ಕೊಟ್ಟು ಹಾಳು ಮಾಡ್ದೆ."

"ಅದೆಲ್ಲ ತಲೆಯಿಂದ ತೆಗಿ. ಇದು ಸಿಹಿ ತಿಂದಿದ್ರಿಂದ ಬರೋ ಕಾಯಿಲೆ ಅಲ್ಲ. ನಿಂದೂ ತಪ್ಪಲ್ಲ, ಮಗೂದೂ ತಪ್ಪಲ್ಲ. ಸೂಜಿ ಹಾಕೋದು ಕಲಿಸ್ತಾರೆ, ನೀನು ಕಲೀತೀಯ. ಇಷ್ಟು ನೆರಿಗೆ ನೀಟಾಗಿ ಇಸ್ತ್ರಿ ಮಾಡೋ ಕೈಗೆ ಅದೇನು ಮಹಾ?"

"ಹಾಸಿಗೆ ಒದ್ದೆ ಮಾಡಿದ್ದಕ್ಕೆ ನಿನ್ನೆ ಒಂದು ಏಟು ಹಾಕ್ಬಿಟ್ಟೆ ಅಕ್ಕ."

ಅಕ್ಕ ಅವಳ ಕೈಯನ್ನು ಹಿಡಿದು ಮಗುವಿನ ತಲೆಯ ಮೇಲೆ ಇಟ್ಟರು.

ಅರ್ಧ ದಾರಿಯಲ್ಲಿ ಹುಡುಗಿ ವಾಂತಿ ಮಾಡಿಕೊಂಡಳು. ಉಸಿರು ಜೋರಾಯಿತು. ಅಕ್ಕ ಬಗ್ಗಿದರೆ ಕಳಿತ ಹಣ್ಣಿನ ವಾಸನೆ. ಆ ಇಪ್ಪತ್ತು ನಿಮಿಷ ತಾವು ದೇವರ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ ಎಂದರು ನನಗೆ. ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಸ್ಟ್ರೆಚರ್ ಸಿದ್ಧವಿತ್ತು. ಸಲೈನು, ಇನ್ಸುಲಿನ್, ಗಂಟೆಗಂಟೆಗೂ ರಕ್ತ ಪರೀಕ್ಷೆ. ಸಂಜೆ ಆರರ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು, "ಅಮ್ಮಾ, ನೀರು" ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಕಲ್ಲು ಎಲ್ಲಿ?" ಎಂದು ಕೇಳಿದಳು.

ಡಾಕ್ಟರಮ್ಮನ ಕೂದಲು ಈಗ ಪೂರ್ತಿ ಬೆಳ್ಳಗಾಗಿದೆ. ಚೀಟಿಯನ್ನೂ ಅದರ ಜೊತೆಗೆ ತಂದ ಕಾರ್ಡಿನ ಎರಡು ತೂಕಗಳನ್ನೂ ನೋಡಿದರು. "ಸೋಮವಾರ ತಂದಿದ್ರೆ ನಾನು ಏನು ಮಾಡ್ತಿದ್ನೋ ಗೊತ್ತಿಲ್ಲ" ಎಂದು, ಕನ್ನಡಕ ತೆಗೆದು, "ನಿಮ್ಮ ತೂಕದ ಮಷಿನ್ ಚೆನ್ನಾಗಿದೆ ಕಣಮ್ಮ" ಎಂದರಂತೆ.

ಈ ಒಂದು ಮಾತನ್ನು ಅಕ್ಕ ನನಗೆ ಮೂರು ಸಲ ಹೇಳಿದ್ದಾರೆ, ಮೂರು ಸಲವೂ ಬಟ್ಟೆ ಮಡಚುವ ಕೈ ನಿಂತಿದೆ. ಜಂಬ ಅವರ ಸ್ವಭಾವವಲ್ಲ. ಆದರೆ ಅವತ್ತು ಬಸ್ಸಿಳಿದು ನಮ್ಮ ಬೀದಿಯಲ್ಲಿ ನಡೆದು ಬಂದ ರೀತಿಯನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೀದಿಯವರೆಲ್ಲ ನೋಡಿದರು. ಬೆಲ್ಟಿನಂಗಡಿಯವನು ಅಂಗಡಿಯಿಂದ ಎದ್ದು ಬಂದು, ತನ್ನ ಬೆಲ್ಟಿನ ಹಳೆಯ ತೂತನ್ನು ತಟ್ಟಿ ತೋರಿಸಿ, "ನಾನೂ ಮೊದಲನೇ ತೂತಿಗೇ ವಾಪಸ್ ಬಂದು ಎಷ್ಟೋ ವರ್ಷ ಆಯ್ತು ಅಕ್ಕ, ಉಳಿದವರ ಲೆಕ್ಕಕ್ಕೆ ನನ್ನನ್ನೂ ಸೇರಿಸ್ಕೊಳ್ಳಿ!" ಎಂದು ಕೂಗಿದ.

ಹುಡುಗಿ ಎಂಟನೆಯ ದಿನ ಮನೆಗೆ ಬಂದಳು. ತಾಯಿಯೇ ಸೂಜಿ ಹಾಕುತ್ತಾಳೆ. ಶಾಲೆಯ ಮೇಷ್ಟರಿಗೂ ಸಕ್ಕರೆ ಇಳಿದರೆ ಏನು ಮಾಡಬೇಕೆಂದು ಹೇಳಿಕೊಟ್ಟಿದ್ದಾಳೆ. ಮೂರು ತಿಂಗಳಿಗೊಮ್ಮೆ ಡಾಕ್ಟರಮ್ಮನ ಹತ್ತಿರ, ನಡುನಡುವೆ ನಮ್ಮ ಆಸ್ಪತ್ರೆಗೆ. ಎರಡನೆಯ ಸಲ ಬಂದಾಗ ಮುಳ್ಳು ಇಪ್ಪತ್ತನಾಲ್ಕೂವರೆ ತೋರಿಸಿತು. ಅದನ್ನು ಕಾರ್ಡಿನಲ್ಲಿ ತಾನೇ ಬರೆಯುತ್ತೇನೆಂದು ಹಟ ಹಿಡಿದು ಬರೆದಳು.

ದೊಡ್ಡ ಡಾಕ್ಟರು ಹೊಸ ಕಣ್ಣಿನೊಂದಿಗೆ ಮರಳಿದ ಮೇಲೂ ಚಿಕ್ಕ ಡಾಕ್ಟರು ಹೋಗಲಿಲ್ಲ, ಅಲ್ಲೇ ಉಳಿದರು. ಅವರು ಬರುವ ಹೊತ್ತು ಮಾತ್ರ ಬದಲಾಯಿತು. ಒಂದು ದಿನ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಮಷಿನ್ ಎಳೆದು ಕಲ್ಲಿನ ಕಡೆಗೆ ಬಗ್ಗಿದಾಗ ಭುಜ ಹಿಡಿಯಿತು, ಮುಖ ಕಿವುಚಿದರು.

"ಬಿಡಿ ಸಿಸ್ಟರ್" ಎಂದರು ಚಿಕ್ಕ ಡಾಕ್ಟರು, ತೋಳು ಮಡಚುತ್ತಾ. "ಇನ್ಮೇಲೆ ದಿನಾ ನಾನೇ ಬೇಗ ಬಂದು ಇದನ್ನ ಎತ್ತಿಡ್ತೀನಿ. ನೀವು ಕ್ಯಾಲೆಂಡರಿಗೆ ಚುಕ್ಕೆ ಇಟ್ರೆ ಸಾಕು."

ಅಕ್ಕ ಸೊಂಟಕ್ಕೆ ಕೈಕೊಟ್ಟು ಒಂದು ಗಳಿಗೆ ನಿಂತರು. ಹುಡುಗನ ಮುಖ ನೋಡಿದರು. ಅಭಿಮಾನದಿಂದಲೇ ನೋಡಿದರು.

"ಬೇಡಪ್ಪ. ನೋಡದೇ ಬರೆಯೋದನ್ನ ಒಂದ್ಸಲ ಅಭ್ಯಾಸ ಮಾಡ್ಕೊಂಡಿದ್ದೆ, ಸಾಕು" ಎಂದು, ಎಡಗೈ ಕೊಟ್ಟು ಕಲ್ಲನ್ನು ಎತ್ತಿದರು. "ನೀವು ಆ ಕಿಟಕಿ ತೆಗೀರಿ. ಮುಳ್ಳು ಕಾಣಲಿ."